ಕಾಡಿನ ಪರಿಮಳದ ಉತ್ಪನ್ನಗಳು: ಯಾವುದನ್ನು ಆರಿಸಬೇಕು, ಹೇಗೆ ಕೊಯ್ಯಬೇಕು

ಉಷ್ಣವಲಯದ ಕಾಡುಗಳಿಂದ ಮರಮುಟ್ಟನ್ನು ಬಿಟ್ಟು ಹೊರಬರುವ ಸರಕುಗಳಲ್ಲಿ ಪರಿಮಳದ ವಸ್ತುಗಳದು ಬೇರೆಯೇ ಲೆಕ್ಕ. ಧೂಪ, ಸಾಂಬ್ರಾಣಿ, ಅಗರು, ದಾಲ್ಚಿನ್ನಿ, ಏಲಕ್ಕಿ ಮುಂತಾದವು ತೂಕದಲ್ಲಿ ಹಗುರ, ಬೆಲೆಯಲ್ಲಿ ಭಾರ. ಸರಿಯಾಗಿ ಒಣಗಿಸಿಟ್ಟರೆ ಬಹುಕಾಲ ಕೆಡುವುದಿಲ್ಲ. ರಸ್ತೆಯೇ ಇಲ್ಲದ ಕಾಡಿನಿಂದ ತಲೆಹೊರೆಯಲ್ಲಿ ತರುವುದಕ್ಕೆ ಇವುಗಳಿಗಿಂತ ಅನುಕೂಲವಾದ ಸರಕು ಇನ್ನೊಂದಿಲ್ಲ. ಈ ಅನುಕೂಲವೇ ಅವುಗಳಿಗೆ ಮುಳುವೂ ಆಗಿದೆ, ಏಕೆಂದರೆ ಎಷ್ಟೇ ಒಳಗಿನ ಕಾಡಾದರೂ ಅಲ್ಲಿಗೆ ಹೋಗಿ ಬರುವ ಶ್ರಮ ಲಾಭದಾಯಕವಾಗಿಯೇ ಉಳಿಯುತ್ತದೆ. ಕಾಡಿನ ಅಂಚಿನ ಸಂಗ್ರಾಹಕರ ಸಹಕಾರ ಸಂಘವೊಂದಕ್ಕೆ, ಗ್ರಾಮ ಅರಣ್ಯ ಸಮಿತಿಗೆ, ಅರಣ್ಯ ಇಲಾಖೆಯ ಅಧಿಕಾರಿಗೆ ಅಥವಾ ಕಚ್ಚಾವಸ್ತು ಕೊಳ್ಳುವ ಸಣ್ಣ ಉದ್ಯಮಿಗೆ ಯಾವ ಉತ್ಪನ್ನವನ್ನು ಯಾವ ಕ್ರಮದಲ್ಲಿ ನಿರ್ವಹಿಸುವುದು ಸೂಕ್ತವೆಂದು ತೂಗಿ ನೋಡಲು ಈ ಹೋಲಿಕೆ ನೆರವಾಗಬಹುದು.

ಸಾಮಾನ್ಯವಾಗಿ ಹೋಲಿಕೆ ಬೆಲೆಯಿಂದ ಆರಂಭವಾಗುತ್ತದೆ: ಕಿಲೋಗೆ ಎಷ್ಟು, ವರ್ಷಕ್ಕೆ ಎಷ್ಟು ಕಿಲೋ. ಇದು ತಲೆಕೆಳಗಾದ ಕ್ರಮವೆಂದು ನನ್ನ ಅಭಿಪ್ರಾಯ. ಮೊದಲು ಕೇಳಬೇಕಾದದ್ದು, ಕೊಯ್ಲು ಮುಗಿದ ಮರುದಿನ ಆ ಗಿಡದಲ್ಲಿ ಏನು ಉಳಿದಿರುತ್ತದೆ ಎಂಬುದನ್ನು. ಹಣ್ಣು ಆಯ್ದರೆ ಮರ ಹಾಗೇ ನಿಂತಿರುತ್ತದೆ. ಎಲೆ ಕೊಯ್ದರೆ ಮತ್ತೆ ಚಿಗುರುತ್ತದೆ. ರಾಳ ಇಳಿಸಿದರೆ ಗಾಯ ಉಳಿಯುತ್ತದೆ. ತೊಗಟೆ ಸುಲಿದರೆ ಬದುಕುವುದೂ ಸಾಯುವುದೂ ಸುಲಿದ ರೀತಿಯನ್ನು ಅವಲಂಬಿಸಿರುತ್ತದೆ. ಚೇಗು, ಅಂದರೆ ಕಾಂಡದ ಒಳಗಿನ ಗಟ್ಟಿ ಕಟ್ಟಿಗೆ, ಅಥವಾ ಬೇರು ಬೇಕೆಂದರೆ ಉಳಿಯುವುದು ಗುಂಡಿ ಮಾತ್ರ. ಎರಡನೆಯ ಪ್ರಶ್ನೆ ಅಷ್ಟು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ: ಆ ಮರದ ಸುತ್ತ ಅದೇ ಜಾತಿಯ ಸಸಿಗಳು ಏಳುತ್ತಿವೆಯೇ? ಬೆಲೆಯ ಮಾತು ಇವೆರಡರ ನಂತರ ಬರಲಿ.

ಹಣ್ಣು, ಬೀಜ, ಎಲೆ

ಅತಿ ಕಡಿಮೆ ಹಾನಿಯ ಆಯ್ಕೆಗೆ ಒಳ್ಳೆಯ ಉದಾಹರಣೆ ದಕ್ಷಿಣ ಅಮೆರಿಕದ ಟೊಂಕಾ ಬೀಜ. ಡಿಪ್ಟೆರಿಕ್ಸ್ ಒಡೊರಾಟಾ ಎಂಬ ದೊಡ್ಡ ಮರದ ಹಣ್ಣುಗಳು ತಾವಾಗಿಯೇ ನೆಲಕ್ಕೆ ಉದುರುತ್ತವೆ. ವೆನೆಜುವೆಲಾದ ಕೌರಾ ಕಣಿವೆಯಂತಹ ಕಡೆಗಳಲ್ಲಿ ಸಂಗ್ರಾಹಕರು ಅವನ್ನು ಆಯ್ದು, ಗಟ್ಟಿ ಓಡನ್ನು ಕಲ್ಲಿನಿಂದ ಒಡೆದು, ಒಳಗಿನ ಒಂದೇ ಒಂದು ಬೀಜವನ್ನು ತೆಗೆದು ಒಣಗಿಸುತ್ತಾರೆ. ಮರಕ್ಕೆ ಕತ್ತಿ ತಾಗುವುದೇ ಇಲ್ಲ. ಮರವನ್ನು ನಿಲ್ಲಿಸಿಕೊಂಡರಷ್ಟೇ ಆದಾಯ ಬರುವುದರಿಂದ, ಅದನ್ನು ಕಡಿಯಲು ಬರುವವರ ವಿರುದ್ಧ ಸಂಗ್ರಾಹಕರೇ ಕಾವಲಾಗುತ್ತಾರೆ. ಆದರೆ ಫಸಲು ಎಲ್ಲ ವರ್ಷವೂ ಒಂದೇ ಸಮನಾಗಿರುವುದಿಲ್ಲ. ಇದೊಂದನ್ನೇ ನಂಬಿ ಸಂಘ ಕಟ್ಟಿದರೆ ಬಂಜೆ ವರ್ಷದಲ್ಲಿ ಸದಸ್ಯರು ಬೇರೆ ದಾರಿ ಹಿಡಿಯುವುದು ಖಂಡಿತ.

ಹಣ್ಣು ಆಯುವುದು ನಿರಪಾಯವೆಂಬ ನಂಬಿಕೆಗೂ ಒಂದು ಮಿತಿ ಇದೆ. ಪರಿಮಳದ ಸರಕಲ್ಲದಿದ್ದರೂ ಅಮೆಜಾನಿನ ಬ್ರೆಜಿಲ್ ನಟ್ ಮರದ ಅನುಭವ ಇಲ್ಲಿ ಪಾಠವಾಗುತ್ತದೆ. 2003ರಲ್ಲಿ ಪ್ರಕಟವಾದ ಅಧ್ಯಯನವೊಂದು ಆ ಮರದ 23 ನೆಲೆಗಳನ್ನು ಹೋಲಿಸಿ, ದಶಕಗಳ ಕಾಲ ತೀವ್ರವಾಗಿ ಕಾಯಿ ಆಯ್ದ ಕಡೆಗಳಲ್ಲಿ ಎಳೆಯ ಮರಗಳೇ ಇಲ್ಲವಾಗಿವೆ ಎಂದು ತೋರಿಸಿತು. ಮುದಿ ಮರಗಳು ನೂರಾರು ವರ್ಷ ಬದುಕುವುದರಿಂದ ಕಾಡು ಮೇಲ್ನೋಟಕ್ಕೆ ಸೊಂಪಾಗಿಯೇ ಕಾಣುತ್ತದೆ. ಆದ್ದರಿಂದ ಬೀಜವೇ ಸರಕಾಗಿರುವ ಜಾತಿಗಳಲ್ಲಿ ಕೆಲವು ಮರಗಳ ಅಡಿಯನ್ನು ಪೂರ್ತಿಯಾಗಿ ಬಿಟ್ಟುಬಿಡುವುದು, ಇಲ್ಲವೇ ಆಯ್ದ ಬೀಜದ ಒಂದು ಪಾಲನ್ನು ಮರಳಿ ಬಿತ್ತುವುದು ಕೊಯ್ಲಿನ ನಿಯಮದಲ್ಲೇ ಸೇರಿರಬೇಕು. ಕಾಡು ಜಾಯಿಕಾಯಿ, ರಾಂಪತ್ರೆಗಳ ಗುಂಪಿನಲ್ಲಿ ಇನ್ನೊಂದು ಸೂಕ್ಷ್ಮವಿದೆ: ಗಂಡು ಮತ್ತು ಹೆಣ್ಣು ಮರಗಳು ಬೇರೆಬೇರೆ. ಕಾಯಿ ಬಿಡದ ಮರ ನಿರುಪಯೋಗಿಯೆಂದು ತಿಳಿದು ಸವರಿದರೆ, ಕೆಲವೇ ವರ್ಷಗಳಲ್ಲಿ ಹೆಣ್ಣು ಮರಗಳೂ ಕಾಯಿ ಬಿಡುವುದಿಲ್ಲ.

ಎಲೆಯ ವಿಷಯದಲ್ಲಿ ಅಮೆಜಾನಿನ ರೋಸ್‌ವುಡ್ ಮರದ ಕಥೆ ನೆನಪಿಡತಕ್ಕದ್ದು. ಪೀಠೋಪಕರಣಕ್ಕೆ ಬಳಸುವ ಬೀಟೆಗೂ ಇದಕ್ಕೂ ಸಂಬಂಧವಿಲ್ಲ; ಇದು ದಾಲ್ಚಿನ್ನಿಯ ಕುಟುಂಬಕ್ಕೆ ಸೇರಿದ ಅನಿಬಾ ರೋಸಿಯೊಡೊರಾ. ಇದರ ಕಾಂಡವನ್ನು ಚೂರು ಮಾಡಿ ಬಟ್ಟಿ ಇಳಿಸಿದರೆ ತೂಕದ ಸುಮಾರು ಶೇಕಡ 1ರಷ್ಟು ತೈಲ ಬರುತ್ತದೆ. ಅಂದರೆ ಹತ್ತು ಕಿಲೋ ತೈಲಕ್ಕೆ ಒಂದು ಟನ್ ಮರ. ಫ್ರೆಂಚ್ ಗಯಾನಾದಲ್ಲಿ 19ನೆಯ ಶತಮಾನದ ಉತ್ತರಾರ್ಧದಲ್ಲಿ ಆರಂಭವಾದ ಈ ಉದ್ಯಮ ನದಿಗಳ ಬದಿಯ ಮರಗಳನ್ನು ಮುಗಿಸುತ್ತ ಬ್ರೆಜಿಲಿನ ಒಳನಾಡಿಗೆ ಸಾಗಿತು. 2010ರಲ್ಲಿ ಮರವನ್ನು, ಅಳಿವಿನ ಭಯವಿರುವ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧಕ್ಕೆ ಸೇರಿಸಲಾಯಿತು. ವಿಪರ್ಯಾಸವೆಂದರೆ ಅದರ ಎಲೆ ಮತ್ತು ಎಳೆಯ ರೆಂಬೆಗಳಲ್ಲೂ ಆ ತೈಲದ ಮುಖ್ಯ ಪರಿಮಳದ ಅಂಶವಾದ ಲಿನಲೂಲ್ ಸಮೃದ್ಧವಾಗಿದೆ, ಸವರಿದ ಮರ ಮತ್ತೆ ಚಿಗುರುತ್ತದೆ. ಎಲೆಯ ತೈಲದ ಪರಿಮಳ ಕಾಂಡದ ತೈಲದ ಪರಿಮಳಕ್ಕೆ ತದ್ರೂಪವಲ್ಲ. ಕೊಳ್ಳುವವರು ಆ ವ್ಯತ್ಯಾಸವನ್ನು ಒಪ್ಪಿದರೆ ಮಾತ್ರ ಕಾಂಡದ ಬದಲು ಎಲೆ ಎಂಬ ಆಯ್ಕೆ ನಿಲ್ಲುತ್ತದೆ. ಒಂದೇ ಮರದ ಎರಡು ಭಾಗಗಳಲ್ಲಿ ಪರಿಮಳವಿದ್ದಾಗ ಹಾನಿ ಕಡಿಮೆಯಿರುವ ಭಾಗಕ್ಕೆ ಮಾರುಕಟ್ಟೆ ಹುಡುಕುವುದು ಹೊಸ ಮರ ನೆಡುವುದಕ್ಕಿಂತ ಮೊದಲು ಮಾಡಬೇಕಾದ ಕೆಲಸ.

ರಾಳ ಮತ್ತು ಅಂಟು: ಗಾಯದ ಲೆಕ್ಕ

ಹೆಚ್ಚು ವಿವೇಚನೆ ಬೇಕಾಗುವುದು ರಾಳದ ಮರಗಳಲ್ಲಿ. ರಾಳವೆಂಬುದು ಮರ ತನ್ನ ಗಾಯವನ್ನು ಮುಚ್ಚಿಕೊಳ್ಳಲು ಸುರಿಸುವ ದ್ರವ. ಹಾಗಾಗಿ ಗಾಯವಿಲ್ಲದೆ ಬಹುಮಟ್ಟಿಗೆ ರಾಳವಿಲ್ಲ. ಎಷ್ಟು ಆಳ, ಎಷ್ಟು ಅಗಲ, ಎಷ್ಟು ಸಲ ಎಂಬ ಮೂರು ಸಂಗತಿಗಳ ಮೇಲೆ ಇಡೀ ನಿರ್ವಹಣೆ ನಿಂತಿದೆ.

ಮೂರು ಪದ್ಧತಿಗಳನ್ನು ಅಕ್ಕಪಕ್ಕ ಇಟ್ಟು ನೋಡೋಣ. ಅಮೆಜಾನಿನ ಕೊಪೈಬಾ ಮರದಲ್ಲಿ ಎಣ್ಣೆಯಂತಹ ರಾಳ ಕಾಂಡದ ಒಳಗಿನ ನಾಳಗಳಲ್ಲಿ ಇರುತ್ತದೆ. ಹಿಂದೆ ಕೊಡಲಿಯಿಂದ ಕಾಂಡದಲ್ಲಿ ಪೊಟರೆಯನ್ನೇ ಕೊರೆದು ಅದನ್ನು ಹಿಡಿಯುತ್ತಿದ್ದರು, ಮರ ಸಾಯುತ್ತಿತ್ತು. ಈಗಿನ ಒಳ್ಳೆಯ ಪದ್ಧತಿಯಲ್ಲಿ ಸಂಗ್ರಾಹಕನು ಸೊಂಟದೆತ್ತರದಲ್ಲಿ ಬೈರಿಗೆಯಿಂದ ನಡುತಿರುಳಿನವರೆಗೆ ಒಂದು ಸಣ್ಣ ತೂತು ಕೊರೆದು, ಕೊಳವೆ ಸಿಕ್ಕಿಸಿ, ಎಣ್ಣೆ ನಿಂತ ಮೇಲೆ ಮರದ ಬೆಣೆಯಿಂದ ತೂತನ್ನು ಬಿಗಿಯಾಗಿ ಮುಚ್ಚುತ್ತಾನೆ. ಮುಂದಿನ ಸಲ ಅದೇ ಬೆಣೆಯನ್ನು ತೆಗೆದರೆ ಸಾಕು, ಹೊಸ ತೂತು ಬೇಕಿಲ್ಲ. ಆದರೆ ಎರಡನೆಯ ಸಲದ ಇಳುವರಿ ಸಾಮಾನ್ಯವಾಗಿ ಮೊದಲಿನದಕ್ಕಿಂತ ಕಡಿಮೆ, ಮತ್ತು ಎಷ್ಟೋ ಮರಗಳಲ್ಲಿ ಮೊದಲ ಸಲವೂ ಒಂದು ಹನಿ ಬರುವುದಿಲ್ಲ. ಮರಕ್ಕೆ ಹಾನಿ ತೀರ ಕಡಿಮೆಯಿದ್ದರೂ ಆದಾಯವನ್ನು ಮುಂಚಿತವಾಗಿ ಅಂದಾಜು ಮಾಡಲಾಗದು. ಸಾಲ ತೆಗೆದು ಆರಂಭಿಸುವ ಸಂಘಕ್ಕೆ ಇದು ಸೂಕ್ತವಲ್ಲ.

ಎರಡನೆಯದು ಸುಮಾತ್ರಾದ ಕ್ರುಯಿ ಪ್ರದೇಶದ ದಮ್ಮರ್ ರಾಳ. ಶೋರಿಯಾ ಜಾವಾನಿಕಾ ಮರದ ಕಾಂಡದಲ್ಲಿ ಅಂಗೈಯಗಲದ ತ್ರಿಕೋನಾಕಾರದ ಗೂಡುಗಳನ್ನು ಒಂದರ ಮೇಲೊಂದರಂತೆ ಸಾಲಾಗಿ ಕೊರೆದಿರುತ್ತಾರೆ. ಕೆಳಗಿನ ಗೂಡುಗಳೇ ಮೇಲೇರಲು ಮೆಟ್ಟಿಲು. ಸೊಂಟಕ್ಕೂ ಕಾಂಡಕ್ಕೂ ಸೇರಿಸಿ ಬೆತ್ತದ ಪಟ್ಟಿ ಬಿಗಿದುಕೊಂಡು ಮೇಲೇರಿದವನು ಗೂಡಿನಲ್ಲಿ ಗಟ್ಟಿಯಾಗಿರುವ ರಾಳವನ್ನು ಸಣ್ಣ ಕೊಡಲಿಯಿಂದ ಎಬ್ಬಿಸಿ ಬುಟ್ಟಿಗೆ ಹಾಕಿ, ಗೂಡಿನ ಅಂಚನ್ನು ತುಸು ಕೆತ್ತಿ ಹಸಿ ಮಾಡಿ ಇಳಿಯುತ್ತಾನೆ. ಗಾಯ ನಿರಂತರವಾದದ್ದೇ, ಆದರೆ ಅದರ ಗಾತ್ರ ಮತ್ತು ಸಂಖ್ಯೆ ಮರದ ಮೈಮೇಲೆ ಎಲ್ಲರಿಗೂ ಕಾಣುವಂತೆ ಬರೆದಿಟ್ಟ ಹಾಗಿರುತ್ತದೆ. ಅತಿಯಾಗಿ ಕೊರೆದವನು ಬಚ್ಚಿಡಲಾರ. ಮರ ರಾಳಕ್ಕೆ ಬರಲು ಇಪ್ಪತ್ತರಿಂದ ಇಪ್ಪತ್ತೈದು ವರ್ಷ ಬೇಕಾದರೂ, ಬಂದ ಮೇಲೆ ತಿಂಗಳು ತಿಂಗಳೂ ಕೈಗೆ ಹಣ ಸಿಗುತ್ತದೆ.

ಮೂರನೆಯದು ಒಣಪ್ರದೇಶದ ಬಾಸ್ವೆಲಿಯಾ, ಅಂದರೆ ಜಗತ್ತಿನ ಧೂಪದ ವ್ಯಾಪಾರದ ಬಹು ಹಳೆಯ ಸರಕು. ಇಥಿಯೋಪಿಯಾ ಮತ್ತು ಎರಿಟ್ರಿಯಾಗಳಲ್ಲಿ ಬಾಸ್ವೆಲಿಯಾ ಪ್ಯಾಪಿರಿಫೆರಾ ಮರದ ತೊಗಟೆಯನ್ನು ತೆಳುವಾಗಿ ಹೆರೆದು, ಒಣಹವೆಯ ಅವಧಿಯುದ್ದಕ್ಕೂ ಅದೇ ಗಾಯವನ್ನು ಮತ್ತೆ ಮತ್ತೆ ಹಿಗ್ಗಿಸುತ್ತ ಅಂಟು ಸಂಗ್ರಹಿಸುತ್ತಾರೆ. ಎರಿಟ್ರಿಯಾದಲ್ಲಿ ನಡೆದ ಅಧ್ಯಯನದಲ್ಲಿ, ಅಂಟು ಇಳಿಸದ ಮರಗಳ ಬೀಜಗಳಲ್ಲಿ ಬಹುಪಾಲು ಮೊಳೆತರೆ, ತೀವ್ರವಾಗಿ ಇಳಿಸಿದ ಮರಗಳ ಬೀಜಗಳಲ್ಲಿ ಸ್ವಲ್ಪ ಪಾಲು ಮಾತ್ರ ಮೊಳೆತವು. ಹೂವು ಮತ್ತು ಬೀಜಕ್ಕೆ ಹೋಗಬೇಕಾದ ಆಹಾರ ಅಂಟಿಗೆ ಹರಿದುಹೋಗುತ್ತದೆ ಎಂಬುದು ಇದರ ಅರ್ಥ. ಆದರೂ ಎಲ್ಲ ತಪ್ಪನ್ನೂ ಕತ್ತಿಯ ಮೇಲೆ ಹೊರಿಸುವಂತಿಲ್ಲ. ಇಥಿಯೋಪಿಯಾದಲ್ಲಿ ಅಂಟು ಇಳಿಸದೆ ಬಿಟ್ಟ ನೆಲೆಗಳಲ್ಲೂ ಮರಗಳ ಸಂಖ್ಯೆ ಕುಸಿಯುತ್ತಲೇ ಇದೆ, ಏಕೆಂದರೆ ದನಕರುಗಳ ಮೇಯುವಿಕೆ ಮತ್ತು ಬೆಂಕಿಯ ಹಾವಳಿಯಿಂದ ದಶಕಗಳಿಂದ ಸಸಿಗಳು ಮೇಲೇಳುತ್ತಿಲ್ಲ. ಅಂಥಲ್ಲಿ ಕೊಯ್ಲಿನ ಮಿತಿಯನ್ನು ಅರ್ಧಕ್ಕಿಳಿಸಿದರೆ ಸಿಗುವ ಫಲಕ್ಕಿಂತ ಬೇಲಿ ಹಾಕಿ ಬೆಂಕಿರೇಖೆ ತೆಗೆದರೆ ಸಿಗುವ ಫಲ ಹೆಚ್ಚು. ನಿರ್ವಹಣೆಯ ಹಣವನ್ನು ಯಾವುದಕ್ಕೆ ಖರ್ಚು ಮಾಡಬೇಕೆಂಬ ಆಯ್ಕೆಯಲ್ಲಿ ಈ ವ್ಯತ್ಯಾಸ ಬಹಳ ಮುಖ್ಯ. ಎಷ್ಟೋ ಯೋಜನೆಗಳು ಸಂಗ್ರಾಹಕರಿಗೆ ತರಬೇತಿ ಕೊಟ್ಟು ಅಲ್ಲಿಗೇ ನಿಲ್ಲುತ್ತವೆ.

ಪಶ್ಚಿಮ ಘಟ್ಟದ ಕರಿಧೂಪದ ಮರ, ಅಂದರೆ ಕೆನೇರಿಯಂ ಸ್ಟ್ರಿಕ್ಟಮ್, ಇನ್ನೊಂದು ತುದಿಯ ಉದಾಹರಣೆ. ತಾನಾಗಿ ಒಸರಿ ಗಟ್ಟಿಯಾದ ರಾಳವನ್ನು ಆಯ್ದುಕೊಂಡರೆ ಮರಕ್ಕೆ ಏನೂ ಆಗುವುದಿಲ್ಲ; ಬೇಗ ಒಸರಲೆಂದು ಬುಡಕ್ಕೆ ಬೆಂಕಿ ಹಚ್ಚಿದರೆ ಕೆಲವು ವರ್ಷಗಳ ಇಳುವರಿ ಒಮ್ಮೆಗೇ ಬಂದು ಮರ ಒಣಗುತ್ತದೆ. ರಾಳದ ಜಾತಿ ಯಾವುದೇ ಇರಲಿ, ಬುಡಕ್ಕೆ ಬೆಂಕಿ ಮತ್ತು ಕಾಂಡದ ಸುತ್ತ ಉಂಗುರದಂತೆ ಕಚ್ಚು ಹಾಕುವುದು ಇವೆರಡನ್ನು ಪೂರ್ತಿಯಾಗಿ ನಿಷೇಧಿಸುವುದರಲ್ಲಿ ಹಿಂಜರಿಕೆ ಬೇಡ.

ತೊಗಟೆ ಮತ್ತು ಚೇಗು

ತೊಗಟೆಯ ಒಳಪದರದಲ್ಲಿ ಮರದ ಆಹಾರ ಕೆಳಗಿಳಿಯುವ ದಾರಿ ಇರುವುದರಿಂದ, ಸುತ್ತಲೂ ಸುಲಿದ ಮರ ಬದುಕುವುದು ಅಪರೂಪ. ಶ್ರೀಲಂಕಾದ ದಾಲ್ಚಿನ್ನಿ ಬೆಳೆಗಾರರು ಈ ಸಮಸ್ಯೆಯನ್ನು ಬೇರೆ ರೀತಿಯಲ್ಲಿ ಬಿಡಿಸಿಕೊಂಡಿದ್ದಾರೆ: ಮರವನ್ನು ಮರವಾಗಲು ಬಿಡುವುದೇ ಇಲ್ಲ. ಬುಡದವರೆಗೆ ಕಡಿದಾಗ ಬೊಡ್ಡೆಯಿಂದ ಹಲವಾರು ನೇರ ಕೋಲುಗಳು ಏಳುತ್ತವೆ. ತೊಗಟೆ ಸುಲಭವಾಗಿ ಬಿಡುವ ಮಳೆಯ ದಿನಗಳಲ್ಲಿ ಬಲಿತ ಕೋಲುಗಳನ್ನಷ್ಟೇ ಕಡಿದು ಸುಲಿಯುತ್ತಾರೆ, ಬೊಡ್ಡೆ ದಶಕಗಳ ಕಾಲ ಚಿಗುರುತ್ತಲೇ ಇರುತ್ತದೆ. ಚಿಗುರುವ ಶಕ್ತಿಯಿರುವ ಯಾವುದೇ ತೊಗಟೆಯ ಜಾತಿಗೆ ಇದು ಮೊದಲ ಆಯ್ಕೆ. ನ್ಯೂಗಿನಿಯ ಮಸೋಯಾ ಮರವನ್ನು ಬುಡಕ್ಕೇ ಕಡಿದು ತೊಗಟೆಯನ್ನೆಲ್ಲ ಸುಲಿದು ಮುಂದಿನ ಮರಕ್ಕೆ ಹೋಗುವ ಪದ್ಧತಿಯೊಂದಿಗೆ ಹೋಲಿಸಿದರೆ ವ್ಯತ್ಯಾಸ ತಿಳಿಯುತ್ತದೆ. ನಿಂತ ಮರದಿಂದಲೇ ತೆಗೆಯಬೇಕಾದ ಅನಿವಾರ್ಯವಿದ್ದರೆ ಉದ್ದುದ್ದದ ಕಿರಿದಾದ ಪಟ್ಟಿಗಳಲ್ಲಿ, ಒಂದೇ ಬದಿಯಿಂದ, ಹಳೆಯ ಗಾಯ ಮುಚ್ಚಿದ ಮೇಲಷ್ಟೇ ತೆಗೆಯಬಹುದು. ಆದರೆ ಇದನ್ನು ದೂರದ ಕಾಡಿನಲ್ಲಿ ಜಾರಿಗೊಳಿಸುವುದು ಕಷ್ಟವೆಂದು ಒಪ್ಪಿಕೊಂಡೇ ಮುಂದುವರಿಯಬೇಕು.

ಚೇಗಿನ ಪೈಕಿ ಶ್ರೀಗಂಧವನ್ನು ಇಲ್ಲಿ ಹೆಚ್ಚು ಚರ್ಚಿಸುವುದಿಲ್ಲ. ತೈಲ ಚೇಗಿನಲ್ಲೂ ಬೇರಿನಲ್ಲೂ ಇರುವುದರಿಂದ ಮರವನ್ನು ಬೇರುಸಹಿತ ಕೀಳುತ್ತಾರೆ. ಅದನ್ನು ಬೆಳೆಯೆಂದು ಬೆಳೆಯಬಹುದೇ ಹೊರತು ಕಾಡಿನ ಕೊಯ್ಲೆಂದು ನಿರ್ವಹಿಸಲಾಗದು. ಅಗರು ಮಾತ್ರ ಬೇರೆ. ಅಕ್ವಿಲೇರಿಯಾ ಮರದ ಆರೋಗ್ಯವಂತ ಕಟ್ಟಿಗೆ ಬಿಳಿಚಾಗಿ, ಹಗುರವಾಗಿ, ಪರಿಮಳವಿಲ್ಲದೆ ಇರುತ್ತದೆ. ಗಾಯವಾಗಿ ಶಿಲೀಂಧ್ರ ಹೊಕ್ಕಾಗ ಮಾತ್ರ ಮರ ಕಪ್ಪನೆಯ ರಾಳವನ್ನು ಕಟ್ಟಿಗೆಯೊಳಗೆ ತುಂಬಿಕೊಳ್ಳುತ್ತದೆ. ಹಾಗೆ ತುಂಬಿದ ಉತ್ತಮ ತುಂಡು ನೀರಿನಲ್ಲಿ ಮುಳುಗುತ್ತದೆ, ಚೀನೀ ಭಾಷೆಯಲ್ಲಿ ಅದರ ಹೆಸರಿನ ಅರ್ಥವೇ ಮುಳುಗುವ ಧೂಪ. ಕಾಡಿನಲ್ಲಿ ಹತ್ತು ಮರಕ್ಕೆ ಒಂದರಲ್ಲಿ ಅಗರು ಇರಬಹುದೆಂಬುದು ರೂಢಿಯ ಅಂದಾಜು. ಹೊರಗಿನಿಂದ ಖಚಿತವಾಗಿ ಗುರುತಿಸಲಾಗದ್ದರಿಂದ ಹತ್ತನ್ನೂ ಕಡಿದು ನೋಡುವವರೇ ಹೆಚ್ಚು. ಅಕ್ವಿಲೇರಿಯಾ ಮಲಕ್ಕೆನ್ಸಿಸ್ 1995ರಲ್ಲಿ, ಇಡೀ ಅಕ್ವಿಲೇರಿಯಾ ಮತ್ತು ಗೈರಿನಾಪ್ಸ್ ಕುಲಗಳು 2005ರಲ್ಲಿ ಸೈಟಿಸ್‌ನ ಎರಡನೆಯ ಅನುಬಂಧದ ನಿಯಂತ್ರಣಕ್ಕೆ ಬಂದವು. ಮಲಕ್ಕೆನ್ಸಿಸ್ ಈಗ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವಾದ ಐಯುಸಿಎನ್‌ನ ಪಟ್ಟಿಯಲ್ಲಿ ತೀವ್ರ ಅಳಿವಿನಂಚಿನಲ್ಲಿದೆ.

ಹಾಗಾಗಿ ಅಗರಿನಲ್ಲಿ ಆಯ್ಕೆ ಸ್ಪಷ್ಟ: ಕಾಡಿನದನ್ನು ಬಿಟ್ಟು, ನೆಟ್ಟ ಮರಕ್ಕೆ ತೂತು ಕೊರೆದು ಅಥವಾ ಶಿಲೀಂಧ್ರ ಸೇರಿಸಿ ಅಗರು ಕಟ್ಟಿಸುವುದು. ಅಸ್ಸಾಮಿನ ಮನೆಹಿತ್ತಲುಗಳಲ್ಲಿ ಬೆಳೆದ ಮರಗಳಿಗೆ ಕಾಂಡ ಕೊರೆಯುವ ಒಂದು ಹುಳುವೇ ಈ ಕೆಲಸವನ್ನು ಮಾಡಿಕೊಡುತ್ತದೆ. ಆದರೆ ತೋಪಿನ ಅಗರು ಹೆಚ್ಚಿದಷ್ಟಕ್ಕೇ ಕಾಡಿನ ಮರ ಉಳಿಯುತ್ತದೆಂದು ಭಾವಿಸಬಾರದು. ಮುದಿ ಮರದೊಳಗೆ ದಶಕಗಳ ಕಾಲ ಮಾಗಿದ ತುಂಡಿಗೆ ಬೇರೆಯದೇ ಬೆಲೆ ಇರುವವರೆಗೆ ಅದನ್ನು ಹುಡುಕಿ ಹೋಗುವವರು ಇರುತ್ತಾರೆ, ಮತ್ತು ತೋಪಿನ ಕಾಗದಪತ್ರದ ಮರೆಯಲ್ಲಿ ಕಾಡಿನ ಸರಕನ್ನು ಸಾಗಿಸುವುದು ಸುಲಭವಾಗುತ್ತದೆ.

ಕಾಡು, ತೋಪು, ಇವೆರಡರ ನಡುವೆ

ಕಾಡಿನಿಂದ ಸಂಗ್ರಹಿಸುವುದೋ ಅಥವಾ ತೋಪು ಮಾಡುವುದೋ ಎಂದು ಎರಡೇ ದಾರಿಗಳಿರುವಂತೆ ಚರ್ಚೆ ನಡೆಯುವುದುಂಟು. ಪರಿಮಳದ ಉತ್ಪನ್ನಗಳಲ್ಲಿ ದೀರ್ಘಕಾಲ ಬಾಳಿದ ವ್ಯವಸ್ಥೆಗಳಲ್ಲಿ ಹಲವು ಈ ಎರಡರ ನಡುವೆ ಇವೆ. ಕ್ರುಯಿಯ ದಮ್ಮರ್ ಕಾಡು ನೋಡಲು ಕಾಡೇ, ಆದರೆ ನೆಟ್ಟದ್ದು: ಮೊದಲು ಗುಡ್ಡದ ಭತ್ತ, ಅದರ ಜೊತೆಗೆ ಕಾಫಿ ಮತ್ತು ಮೆಣಸು, ಇವುಗಳ ನೆರಳಲ್ಲಿ ದಮ್ಮರ್ ಸಸಿ. ಕಾಫಿ ಮುಗಿಯುವ ಹೊತ್ತಿಗೆ ಮರ ಮೇಲೇರಿರುತ್ತದೆ, ಇಪ್ಪತ್ತು ವರ್ಷದ ಕಾಯುವಿಕೆಯ ಬಹುಭಾಗಕ್ಕೆ ಬೇರೆ ಬೆಳೆ ಅನ್ನ ಹಾಕಿರುತ್ತದೆ. ಉತ್ತರ ಸುಮಾತ್ರಾದ ಬತಕ್ ಜನರ ಸಾಂಬ್ರಾಣಿ ತೋಟಗಳಲ್ಲಿ ಕಾಡಿನ ನೆರಳಿನಲ್ಲೇ ಸಸಿ ನೆಟ್ಟು, ಅದು ಬೆಳೆದಂತೆ ಮೇಲಿನ ಮರಗಳನ್ನು ಹಂತಹಂತವಾಗಿ ತೆಳುಗೊಳಿಸುತ್ತಾರೆ. ಲಾವೋಸಿನಲ್ಲಿ ಕುಮರಿ ಬೇಸಾಯದ ಬೀಳುಭೂಮಿಯಲ್ಲಿ ಸ್ಟೈರಾಕ್ಸ್ ಟೊಂಕಿನೆನ್ಸಿಸ್ ತಾನಾಗಿ ಏಳುತ್ತದೆ. ಆರೇಳು ವರ್ಷದ ಮರಕ್ಕೆ ಮಳೆಗಾಲದ ಕೊನೆಯಲ್ಲಿ ಕಚ್ಚು ಹಾಕಿ ಕೆಲವು ತಿಂಗಳ ನಂತರ ಗಟ್ಟಿಯಾದ ಸಾಂಬ್ರಾಣಿಯನ್ನು ಕೀಳುತ್ತಾರೆ. ಬೀಳುಬಿಡುವ ಅವಧಿ ಮೂರು ನಾಲ್ಕು ವರ್ಷಕ್ಕೆ ಇಳಿದರೆ ಮರ ಸಾಂಬ್ರಾಣಿ ಕೊಡುವ ವಯಸ್ಸಿಗೇ ಬರುವುದಿಲ್ಲ. ಮರದ ಜಾತಿಯಷ್ಟೇ ಭೂಬಳಕೆಯ ನೀತಿಯೂ ಇಲ್ಲಿ ಪರಿಮಳದ ಭವಿಷ್ಯವನ್ನು ನಿರ್ಧರಿಸುತ್ತದೆ.

ನಡುವಿನ ದಾರಿಯಲ್ಲೂ ಮೋಸಹೋಗುವ ಸಂಭವವಿದೆ. ಏಲಕ್ಕಿಯನ್ನು ಕಾಡಿನ ನೆರಳಿನಲ್ಲಿ ಬೆಳೆದರೆ ಮೇಲ್ಚಾವಣಿ ಹಾಗೇ ಉಳಿಯುತ್ತದೆ, ಉಪಗ್ರಹದ ಚಿತ್ರದಲ್ಲಿ ಅದು ಕಾಡೆಂದೇ ಕಾಣುತ್ತದೆ. ಕೆಳಗಿನ ಸಸಿಗಳನ್ನೆಲ್ಲ ಸವರಿ ಏಲಕ್ಕಿ ನೆಟ್ಟಿರುವುದರಿಂದ ಮುಂದಿನ ತಲೆಮಾರಿನ ಮರಗಳು ಇರುವುದಿಲ್ಲ; ಶ್ರೀಲಂಕಾದ ನಕಲ್ಸ್ ಬೆಟ್ಟಸಾಲಿನಲ್ಲಿ ಇದರ ಪರಿಣಾಮ ಚೆನ್ನಾಗಿ ದಾಖಲಾಗಿದೆ. ಒಂದೊಂದು ತುಂಡು ಜಾಗವನ್ನು ಸರದಿಯಂತೆ ಹಲವು ವರ್ಷ ಏಲಕ್ಕಿಯಿಲ್ಲದೆ ಬಿಡುವ ಒಪ್ಪಂದವಿಲ್ಲದಿದ್ದರೆ, ಇದಕ್ಕಿಂತ ಈಗಾಗಲೇ ಬಯಲಾದ ನೆಲದಲ್ಲಿ ಮರದ ನೆರಳು ಮಾಡಿ ಏಲಕ್ಕಿ ಬೆಳೆಯುವುದೇ ಲೇಸು.

ಎಷ್ಟು ತೆಗೆಯಬಹುದು

ಮಿತಿ ಹಾಕಲು ಮೂರು ಕ್ರಮಗಳಿವೆ. ವರ್ಷಕ್ಕೆ ಇಷ್ಟು ಕಿಲೋ ಎಂದು ತೂಕದ ಮಿತಿ ಹಾಕುವುದು ಕಚೇರಿಗೆ ಸುಲಭ, ಕಾಡಿಗೆ ಅಪಾಯ. ಹತ್ತಿರದ ಮರಗಳನ್ನು ಹಿಂಡಿ ದೂರದವನ್ನು ಮುಟ್ಟದೆಯೂ ಆ ತೂಕವನ್ನು ತುಂಬಿಸಬಹುದು. ಕಾಡನ್ನು ಭಾಗ ಮಾಡಿ ಸರದಿಯಲ್ಲಿ ವಿರಾಮ ಕೊಡುವುದು ಹೆಚ್ಚು ಭರವಸೆಯದು, ಆದರೆ ವಿರಾಮದ ಭಾಗಕ್ಕೆ ಹೊರಗಿನವರು ಬಾರದಂತೆ ತಡೆಯುವ ಹಕ್ಕು ಸಂಗ್ರಾಹಕರಿಗೆ ಇರಬೇಕು; ಇಲ್ಲದಿದ್ದರೆ ತಾವು ಬಿಟ್ಟದ್ದನ್ನು ಇನ್ನೊಬ್ಬರು ತೆಗೆಯುವುದನ್ನು ನೋಡುತ್ತ ಕೂರಬೇಕಾಗುತ್ತದೆ. ಮೂರನೆಯದು ಮರದ ಮಟ್ಟದ ನಿಯಮ: ಎದೆಮಟ್ಟದಲ್ಲಿ ಇಷ್ಟು ಸುತ್ತಳತೆಗಿಂತ ಸಣ್ಣ ಮರಕ್ಕೆ ಕಚ್ಚಿಲ್ಲ, ದೊಡ್ಡದಕ್ಕೂ ಇಷ್ಟೇ ಕಚ್ಚು, ಇಂತಿಷ್ಟು ಬೀಜದ ಮರಗಳಿಗೆ ಬಣ್ಣದ ಪಟ್ಟಿ ಬಳಿದು ಮುಟ್ಟದೆ ಬಿಡುವುದು. ಗಾಯ ಕಣ್ಣಿಗೆ ಕಾಣುವುದರಿಂದ ಇದರ ಪರಿಶೀಲನೆಗೆ ತಜ್ಞರು ಬೇಕಿಲ್ಲ. ರಾಳ ಮತ್ತು ತೊಗಟೆಗೆ ನಾನು ಮೂರನೆಯದನ್ನೇ ಮುಂದಿಡುತ್ತೇನೆ, ಹಕ್ಕು ಗಟ್ಟಿಯಿರುವ ಕಡೆ ಎರಡನೆಯದನ್ನು ಅದಕ್ಕೆ ಜೋಡಿಸಬಹುದು.

ಹಕ್ಕಿನ ಪ್ರಶ್ನೆ ಬರಿಯ ಕಾನೂನಿನ ಔಪಚಾರಿಕತೆಯಲ್ಲ. ಇಪ್ಪತ್ತು ವರ್ಷದ ನಂತರ ರಾಳ ಕೊಡುವ ಮರವನ್ನು ನೆಡುವವನಿಗೆ ಆ ಹೊತ್ತಿಗೆ ನೆಲ ತನ್ನ ಕೈಯಲ್ಲಿರುತ್ತದೆಂಬ ಭರವಸೆ ಬೇಕು. ಕ್ರುಯಿಯ ದಮ್ಮರ್ ಕಾಡುಗಳು ಸರ್ಕಾರಿ ಅರಣ್ಯದ ಗಡಿಯೊಳಗೆ ಸಿಲುಕಿದ್ದಾಗ, 1998ರಲ್ಲಿ ಇಂಡೊನೇಷ್ಯಾದ ಅರಣ್ಯ ಸಚಿವಾಲಯ 29,000 ಹೆಕ್ಟೇರನ್ನು ವಿಶೇಷ ಉದ್ದೇಶದ ಪ್ರದೇಶವೆಂದು ಗುರುತಿಸಿ ಅಲ್ಲಿನ ಜನರ ನಿರ್ವಹಣೆಯನ್ನು ಮಾನ್ಯ ಮಾಡಿತು. ಇಂಥ ಮಾನ್ಯತೆ ಇಲ್ಲದ ಕಡೆ ಸಸಿ ಹಂಚುವ ಯೋಜನೆಗಳಿಗಿಂತ ಕಾಗದಪತ್ರದ ಕೆಲಸ ಮೊದಲು ಆಗಬೇಕು.

ಮಾರುಕಟ್ಟೆಯ ಬಗ್ಗೆ ಒಂದು ಎಚ್ಚರಿಕೆ. ಟೊಂಕಾದ ಪರಿಮಳಕ್ಕೆ ಕಾರಣವಾದ ಕೂಮರಿನ್ನನ್ನು ವಿಲಿಯಂ ಪರ್ಕಿನ್ 1868ರಲ್ಲೇ ಪ್ರಯೋಗಾಲಯದಲ್ಲಿ ತಯಾರಿಸಿದರು. ಲಿನಲೂಲ್ ಕೂಡ ಈಗ ಬಹುಪಾಲು ಕಾರ್ಖಾನೆಯದೇ. ಒಂದೇ ಮುಖ್ಯ ಅಣುವಿನಿಂದ ಪರಿಮಳ ಬರುವ ಸರಕಿಗೆ ಅಗ್ಗದ ಬದಲಿ ಬರುವುದು ಸುಲಭ. ಅಗರಿನಂತೆ ಹತ್ತಾರು ಅಣುಗಳ ಸಂಕೀರ್ಣ ಪರಿಮಳವನ್ನು ನಕಲು ಮಾಡುವುದು ಕಷ್ಟ. ದೀರ್ಘಕಾಲದ ಹೂಡಿಕೆಗೆ ಜಾತಿಯನ್ನು ಆರಿಸುವಾಗ ಇದನ್ನು ತೂಗಬೇಕು. ಕಾಡಿನ ಸಂಗ್ರಹಕ್ಕೆಂದೇ ಇರುವ ಫೇರ್‌ವೈಲ್ಡ್‌ನಂತಹ ಪ್ರಮಾಣೀಕರಣಗಳು ನೆರವಾಗಬಲ್ಲವು, ಆದರೆ ತಪಾಸಣೆಯ ಖರ್ಚನ್ನು ಹೊರುವಷ್ಟು ವಹಿವಾಟು ಇಲ್ಲದ ಸಣ್ಣ ಸಂಘ, ಖರೀದಿದಾರ ಆ ಖರ್ಚಿನಲ್ಲಿ ಪಾಲು ಕೊಡಲು ಒಪ್ಪುವವರೆಗೆ ಅದಕ್ಕೆ ಕೈಹಾಕದಿರುವುದು ಒಳ್ಳೆಯದು.

ಯಾವ ಆಯ್ಕೆ ಮಾಡಿದರೂ ಮೊದಲ ಕೊಯ್ಲಿಗೆ ಮುಂಚೆ ಒಂದು ಎಣಿಕೆ ಆಗಲೇಬೇಕು. ಕಾಡಿನ ಬೇರೆಬೇರೆ ಕಡೆ ಇಪ್ಪತ್ತು ಮೀಟರ್ ಚೌಕದ ಹಲವು ತುಂಡುಗಳನ್ನು ಗುರುತಿಸಿ, ಆ ಜಾತಿಯ ಮೊಣಕಾಲೆತ್ತರದ ಸಸಿ ಎಷ್ಟು, ಆಳೆತ್ತರದ್ದು ಎಷ್ಟು, ತೋಳಿನಷ್ಟು ದಪ್ಪದ್ದು ಎಷ್ಟು, ಕೊಯ್ಲಿಗೆ ಬಂದ ಮರ ಎಷ್ಟು ಎಂದು ಬರೆದಿಟ್ಟುಕೊಳ್ಳಬೇಕು. ಸಸಿಗಳು ಹೆಚ್ಚು, ದೊಡ್ಡ ಮರಗಳು ಕಡಿಮೆ ಇರುವುದು ಸಾಮಾನ್ಯವಾಗಿ ಆರೋಗ್ಯದ ಲಕ್ಷಣ. ದೊಡ್ಡ ಮರಗಳಷ್ಟೇ ಇದ್ದು ನಡುವಿನ ವಯಸ್ಸಿನವು ಕಾಣೆಯಾಗಿದ್ದರೆ ಆ ವರ್ಷ ಕೊಯ್ಲಿನ ಬದಲು ದನ, ಬೆಂಕಿ, ನೆರಳು ಇವುಗಳಲ್ಲಿ ಯಾವುದು ಸಸಿಗಳನ್ನು ತಡೆಯುತ್ತಿದೆಯೆಂದು ಹುಡುಕುವ ಕೆಲಸ ನಡೆಯಲಿ. ಮೂರು ವರ್ಷಕ್ಕೊಮ್ಮೆ ಅದೇ ತುಂಡುಗಳಿಗೆ ಮರಳಿ ಹೋಗಿ ಎಣಿಸಬೇಕು. ಮೂಲೆಗಳಿಗೆ ನೆಟ್ಟ ಗೂಟಗಳು ಅಷ್ಟರಲ್ಲಿ ಗೆದ್ದಲಿನ ಪಾಲಾಗಿರುವುದರಿಂದ, ಪ್ರತಿ ಮೂಲೆಯಲ್ಲೂ ಒಂದು ಕಲ್ಲನ್ನು ಹೂತು ಹತ್ತಿರದ ದೊಡ್ಡ ಮರದಿಂದ ಅದರ ದೂರವನ್ನೂ ದಿಕ್ಕನ್ನೂ ಪುಸ್ತಕದಲ್ಲಿ ಬರೆದಿಡುವುದು ಮೇಲು.